ಟಿಕೆಟ್ಟಿನಾಚೆಯ ಲೆಕ್ಕ: ಬಳ್ಳಾರಿ ಸೀಮೆಯಿಂದ ಥೀಮ್ ಪಾರ್ಕಿಗೆ ಹೊರಡುವ ಕುಟುಂಬಗಳಿಗೆ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿದು ಬಿಸಿಲು ನಲವತ್ತು ಡಿಗ್ರಿಯ ಹತ್ತಿರ ಬರುತ್ತಿದ್ದಂತೆ ಬಳ್ಳಾರಿಯ ನಮ್ಮ ಓಣಿಯ ಮಕ್ಕಳೆಲ್ಲ ವಂಡರ್‌ಲಾ ಥೀಮ್ ಪಾರ್ಕಿನ ಜಪ ಮಾಡತೊಡಗುತ್ತಾರೆ. ದೊಡ್ಡವರು ಕೂಡಲೇ ಮೊಬೈಲ್ ತೆಗೆದು ಟಿಕೆಟ್ ಎಷ್ಟೆಂದು ನೋಡಿ, ತಲೆಗಿಷ್ಟು ಎಂದು ಗುಣಿಸಿ, ಆಗಬಹುದು ಎಂದೋ ಮುಂದಿನ ವರ್ಷ ನೋಡೋಣ ಎಂದೋ ತೀರ್ಮಾನಿಸುತ್ತಾರೆ. ಮನೆಯ ಲೆಕ್ಕದ ಪುಸ್ತಕದಲ್ಲಿ ಇಂಥ ಮೂರು ಪ್ರವಾಸಗಳ ಖರ್ಚು ಬರೆದಿಟ್ಟುಕೊಂಡಿರುವುದರಿಂದ ನಾನು ಧೈರ್ಯವಾಗಿ ಹೇಳಬಲ್ಲೆ, ಐದು ಜನರ ಸಂಸಾರಕ್ಕೆ ಟಿಕೆಟ್ ಹಣವು ಒಟ್ಟು ಖರ್ಚಿನ ಮೂರನೇ ಒಂದು ಪಾಲಿನಷ್ಟೂ ಆಗುವುದಿಲ್ಲ. ಉಳಿದ ಎರಡು ಪಾಲು ಎಲ್ಲಿ ಹೋಗುತ್ತದೆ, ಅದನ್ನು ಮನೆಯಲ್ಲಿಯೇ ಕೂತು ಹೇಗೆ ಅಂದಾಜು ಮಾಡಬೇಕು, ಕೊನೆಗೆ ಕೈಯಿಂದ ಕೈಗೆ ಹೋಗುವ ಬಕ್ಷೀಸಿನ ಲೆಕ್ಕವನ್ನು ಹೇಗಿಡಬೇಕು ಎಂಬುದನ್ನು ಮಾಡಬೇಕಾದ ಕ್ರಮದಲ್ಲಿಯೇ ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಟೇಪು ಹಿಡಿದು ಎಲ್ಲರನ್ನೂ ಅಳೆಯಿರಿ

ಬಸ್ಸಿನಲ್ಲಿ, ರೈಲಿನಲ್ಲಿ ಮಕ್ಕಳ ವಯಸ್ಸು ನೋಡಿ ಅರ್ಧ ಟಿಕೆಟ್ ಕೊಡುವ ರೂಢಿ ನಮಗಿದೆ. ಥೀಮ್ ಪಾರ್ಕಿನ ಗೇಟಿನಲ್ಲಿ ಕೇಳುವುದು ಎತ್ತರ. ವಂಡರ್‌ಲಾದಲ್ಲಿ 85 ಸೆಂ.ಮೀ.ಗಿಂತ ಗಿಡ್ಡಗಿರುವ ಮಗುವಿಗೆ ಟಿಕೆಟ್ ಇಲ್ಲ, 85ರಿಂದ 140ರವರೆಗೆ ಮಕ್ಕಳ ಟಿಕೆಟ್, ಅದಕ್ಕಿಂತ ಮೇಲಿದ್ದರೆ ಐದನೇ ತರಗತಿಯ ಹುಡುಗನಿಗೂ ದೊಡ್ಡವರ ಟಿಕೆಟ್. ಆದ್ದರಿಂದ ಬಜೆಟ್ಟಿನ ಮೊದಲ ಸಾಮಾನು ದರ್ಜಿಯ ಟೇಪು. ಮಕ್ಕಳನ್ನು ಚಪ್ಪಲಿ ಬಿಡಿಸಿ ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ತಲೆಯ ಮೇಲೆ ನೋಟ್‌ಬುಕ್ಕನ್ನು ಮಟ್ಟಸವಾಗಿ ಇಟ್ಟು, ಪೆನ್ಸಿಲಿನಿಂದ ಗೆರೆ ಹಾಕಿ ಅಳೆಯಬೇಕು. ನಮ್ಮ ಮಗ 139 ಎಂದು ಅವನ ತಾಯಿ, 142 ಎಂದು ನಾನು ವಾದ ಮಾಡಿದ್ದೆವು. ನೋಟ್‌ಬುಕ್ಕನ್ನು ಅವಳು ತುಸು ಒತ್ತಿ ಹಿಡಿದಿದ್ದಳೆಂದು ಆಮೇಲೆ ತಿಳಿಯಿತು. ಗಡಿಯ ಹತ್ತಿರ ಇರುವ ಮಗುವಿಗೆ ದೊಡ್ಡವರ ಟಿಕೆಟ್ ಎಂದೇ ಬರೆದುಕೊಳ್ಳುವುದು ಒಳ್ಳೆಯದು, ಏಕೆಂದರೆ ಗೇಟಿನ ಮುಂದೆ ಸಾಲು ಬೆಳೆಯುತ್ತಿರುವಾಗ ಎರಡು ಸೆಂಟಿಮೀಟರಿಗಾಗಿ ಜಗಳಾಡಿ ಗೆದ್ದವರನ್ನು ನಾನು ಕಂಡಿಲ್ಲ.

ಎತ್ತರದ ಜೊತೆಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಇನ್ನೊಂದು ಗುರುತು ಹಾಕಿಕೊಳ್ಳಿ: ನೀರಿಗೆ ಇಳಿಯುತ್ತಾರೋ ಇಲ್ಲವೋ. ಉಡುಪು, ಲಾಕರ್, ಎರಡನೇ ಜೊತೆ ಬಟ್ಟೆ ಎಲ್ಲವೂ ಈ ಗುರುತಿನ ಮೇಲೆಯೇ ನಿಂತಿವೆ. ಗರ್ಭಿಣಿಯರು, ಹೃದಯದ ಅಥವಾ ಬೆನ್ನಿನ ತೊಂದರೆ ಇರುವವರು ದೊಡ್ಡ ಆಟಗಳನ್ನು ಹತ್ತುವಂತಿಲ್ಲ. ಅಂಥವರು ಬಂದರೂ ಟಿಕೆಟ್ ತಪ್ಪುವುದಿಲ್ಲ. ನಮ್ಮ ಅತ್ತೆಯವರು, “ನಾ ಎಲ್ಲೂ ಹತ್ತಂಗಿಲ್ಲ, ಇಳಿಯಂಗಿಲ್ಲ, ಗಿಡದ ಬುಡಕ ಕುಂತು ಚೀಲ ಕಾಯ್ತೀನಿ, ನನಗ್ಯಾಕಪ್ಪ ಟಿಕೀಟು?” ಎಂದು ಕೇಳಿದ ಪ್ರಶ್ನೆ ನ್ಯಾಯವಾದದ್ದೇ, ಆದರೆ ಗೇಟು ದಾಟಿದವರೆಲ್ಲ ಟಿಕೆಟ್ ಪಡೆಯಲೇಬೇಕು. ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ ಎಂದು ಬುಕಿಂಗ್ ಮಾಡುವಾಗಲೇ ನೋಡಿ, ವಯಸ್ಸು ತೋರಿಸುವ ಆಧಾರ್ ಕಾರ್ಡನ್ನು ಚೀಲದಲ್ಲಿ ಇಟ್ಟುಕೊಳ್ಳಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಮನೆಯ ಮಕ್ಕಳೆಲ್ಲ ಐದು ವರ್ಷದೊಳಗಿನವರಾಗಿದ್ದರೆ ಈ ಪ್ರವಾಸವನ್ನು ಎರಡು ಮೂರು ವರ್ಷ ಮುಂದೂಡುವುದು ಲೇಸು. ಹೆಚ್ಚಿನ ಆಟಗಳಿಗೆ ಕನಿಷ್ಠ ಎತ್ತರದ ನಿಯಮವಿರುವುದರಿಂದ ಆ ಮಕ್ಕಳಿಗೆ ಸಿಗುವುದು ಕುದುರೆ ತಿರುಗಣಿ ಮತ್ತು ಮೊಣಕಾಲು ನೀರು. ಅಷ್ಟಕ್ಕೆ ಹಂಪಿಯ ಪಕ್ಕದ ಕಮಲಾಪುರದ ಮೃಗಾಲಯಕ್ಕೆ ಕರೆದೊಯ್ದು, ಸಂಜೆ ತುಂಗಭದ್ರಾ ಅಣೆಕಟ್ಟೆಯ ಸಂಗೀತ ಕಾರಂಜಿ ತೋರಿಸಿದರೆ ಅವರಿಗೆ ಅದೇ ಸ್ವರ್ಗ, ನಮ್ಮ ಜೇಬಿಗೂ ಕ್ಷೇಮ.

ಎರಡನೆಯದು: ಎಲ್ಲಿಗೆ, ಯಾವ ದಿನ

ಬಳ್ಳಾರಿ, ಕೊಪ್ಪಳದವರಿಗೆ ಬೆಂಗಳೂರು ಸಲೀಸು, ರಾಯಚೂರಿನವರಿಗೆ ಹೈದರಾಬಾದ್. ಬೆಂಗಳೂರಿನ ವಂಡರ್‌ಲಾ ಮೈಸೂರು ರಸ್ತೆಯಲ್ಲಿ ಬಿಡದಿಯ ಸಮೀಪ 2005ರಿಂದ ಇದೆ. ಹೈದರಾಬಾದಿನದು ಹೊರವರ್ತುಲ ರಸ್ತೆಯ ಪಕ್ಕದ ರಾವಿರಾಲದಲ್ಲಿ 2016ರಲ್ಲಿ ಆರಂಭವಾಯಿತು. ಹೈದರಾಬಾದಿಗೆ ಹೋಗುವವರಿಗೆ 1996ರಲ್ಲಿ ಶುರುವಾದ ರಾಮೋಜಿ ಫಿಲ್ಮ್ ಸಿಟಿಯ ಆಯ್ಕೆಯೂ ಇದೆ. ನೀರಾಟಕ್ಕಿಂತ ಸುತ್ತಾಡಿ ನೋಡುವುದೇ ಅಲ್ಲಿ ಹೆಚ್ಚಾಗಿರುವುದರಿಂದ ವಯಸ್ಸಾದವರಿಗೆ ಅದೇ ಹಿತ. ರಾಯಚೂರಿನಿಂದ ಹೈದರಾಬಾದ್ ಸುಮಾರು ಇನ್ನೂರು ಕಿಲೋಮೀಟರ್ ಆದರೆ ಬೆಂಗಳೂರು ನಾನೂರರ ಮೇಲೆ. ಭಾಷೆ ನಮ್ಮದು ಎಂಬ ಒಂದೇ ಕಾರಣಕ್ಕೆ ಬೆಂಗಳೂರಿಗೆ ಹೊರಡುವ ರಾಯಚೂರಿನ ಬಂಧುಗಳಿಗೆ ನಾನು ಈ ದೂರವನ್ನು ಪ್ರತಿ ಸಲ ನೆನಪಿಸುತ್ತೇನೆ.

ದಿನದ ಆಯ್ಕೆಯಲ್ಲಿ ಉಳಿಯುವ ಹಣ ಕಡಿಮೆಯದೇನಲ್ಲ. ಶನಿವಾರ, ಭಾನುವಾರ ಮತ್ತು ಹಬ್ಬದ ರಜೆಗಳಲ್ಲಿ ದರ ಏರುತ್ತದೆ, ಸಾಲೂ ಬೆಳೆಯುತ್ತದೆ. ಸಾಲು ಬೆಳೆದಾಗ, ಕಾಯದೆ ಮುಂದೆ ಹೋಗಲು ಫಾಸ್ಟ್‌ಟ್ರ್ಯಾಕ್ ಎಂಬ ದುಬಾರಿ ಟಿಕೆಟ್ಟಿನ ಆಸೆ ಹುಟ್ಟುತ್ತದೆ. ಮಂಗಳವಾರವೋ ಬುಧವಾರವೋ ಹೋದವನಿಗೆ ಆ ಟಿಕೆಟ್ ಬೇಕಾಗುವುದಿಲ್ಲ. ಆದರೆ ಡಿಸೆಂಬರಿನ ವಾರದ ದಿನಗಳನ್ನು ನಂಬಬೇಡಿ, ಆಗ ರಾಜ್ಯದ ಶಾಲೆಗಳೆಲ್ಲ ಪ್ರವಾಸ ಹೊರಟಿರುತ್ತವೆ, ಒಂದೊಂದು ಆಟದ ಮುಂದೆ ಮೂರು ಮೂರು ಶಾಲೆಯ ಟೊಪ್ಪಿಗೆಗಳು ಸಾಲಾಗಿ ನಿಂತಿರುತ್ತವೆ. ಬುಕಿಂಗ್ ಪುಟದಲ್ಲಿ ಮೊದಲು ಕಾಣುವ ದರಕ್ಕೆ ತೆರಿಗೆ ಸೇರಿದೆಯೇ ಎಂದೂ ನೋಡಬೇಕು. ಇಂಥ ಪಾರ್ಕುಗಳ ಪ್ರವೇಶಕ್ಕೆ ಶೇಕಡ 18ರ ಜಿಎಸ್‌ಟಿ ಇರುವುದರಿಂದ, ತೆರಿಗೆ ಬಿಟ್ಟು ಬರೆದ ₹1,500ರ ಟಿಕೆಟ್ ಹಣ ಕಟ್ಟುವ ಹೊತ್ತಿಗೆ ₹1,770 ಆಗಿರುತ್ತದೆ.

ಮೂರನೆಯದು: ಹೋಗಿ ಬರುವ ದಾರಿ

ರೈಲಿನಲ್ಲಿ ಹೋಗುವುದಾದರೆ ಅರವತ್ತು ದಿನ ಮೊದಲು ಕಾದಿರಿಸಬಹುದು; 2024ರ ನವೆಂಬರಿಗೆ ಮುನ್ನ ಈ ಅವಧಿ 120 ದಿನ ಇತ್ತು. ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ದಾಟಿ ರಾತ್ರಿಯಿಡೀ ಓಡಿ ಬೆಳಗಿನ ಹೊತ್ತಿಗೆ ಬೆಂಗಳೂರು ಮುಟ್ಟಿ ಅಲ್ಲಿಂದ ಮೈಸೂರಿನ ಕಡೆಗೇ ಮುಂದುವರಿಯುತ್ತದೆ. ಪಾರ್ಕು ಇರುವುದೂ ಅದೇ ದಿಕ್ಕಿನಲ್ಲಿ. ಮೆಜೆಸ್ಟಿಕ್‌ನಲ್ಲಿಯೇ ಇಳಿಯಬೇಕೋ, ನಗರ ದಾಟಿ ಮುಂದಿನ ನಿಲ್ದಾಣದಲ್ಲಿ ಇಳಿದರೆ ಟ್ಯಾಕ್ಸಿ ದೂರ ಕಡಿಮೆಯಾಗುವುದೋ ಎಂದು ಟಿಕೆಟ್ ಮಾಡುವ ಮೊದಲೇ ನಿಲುಗಡೆ ಪಟ್ಟಿ ನೋಡಿ ನಿರ್ಧರಿಸಿ. ಐದು ವರ್ಷದೊಳಗಿನ ಮಗುವಿಗೆ ಪ್ರತ್ಯೇಕ ಬರ್ತ್ ಕೇಳದಿದ್ದರೆ ಟಿಕೆಟ್ ಬೇಕಿಲ್ಲ. ಐದರಿಂದ ಹನ್ನೆರಡರ ಮಗುವಿಗೆ ಬರ್ತ್ ಬೇಡವೆಂದರೆ ಅರ್ಧ, ಬೇಕೆಂದರೆ ಪೂರ್ತಿ ದರ. ರಾತ್ರಿ ಪ್ರಯಾಣದಲ್ಲಿ ಆ ಅರ್ಧ ದರ ಉಳಿಸಲು ಹೋಗಬೇಡಿ. ಒಂದೇ ಬರ್ತಿನಲ್ಲಿ ಮಗಳನ್ನು ಮಲಗಿಸಿಕೊಂಡ ತಾಯಿ ಮರುದಿನ ಪಾರ್ಕಿನಲ್ಲಿ ಕಣ್ಣು ಬಿಡುವ ಸ್ಥಿತಿಯಲ್ಲಿರುವುದಿಲ್ಲ.

ಬಸ್ಸಿನ ಲೆಕ್ಕ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಅತ್ತೆ, ಹೆಂಡತಿ, ಮಗಳು ಮೂವರೂ ಬಳ್ಳಾರಿಯಿಂದ ಬೆಂಗಳೂರಿಗೆ ಬಿಡಿಗಾಸಿಲ್ಲದೆ ಹೋಗಬಹುದು. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳಿಗೆ ಈ ಸೌಲಭ್ಯವಿಲ್ಲ, ಆದ್ದರಿಂದ ಕಲ್ಯಾಣ ಕರ್ನಾಟಕ ಸಾರಿಗೆಯ ಅಮೋಘವರ್ಷ ಅಥವಾ ಕಲ್ಯಾಣ ರಥ ಹತ್ತುವವರು ಎಲ್ಲರಿಗೂ ಹಣ ತೆಗೆದಿಡಬೇಕು. ರಾಯಚೂರಿನಿಂದ ಹೈದರಾಬಾದಿಗೆ ಹೋಗುವ ಅಂತರರಾಜ್ಯ ಬಸ್ಸಿಗೂ ಅದು ಅನ್ವಯಿಸುವುದಿಲ್ಲ, ತೆಲಂಗಾಣದ ಉಚಿತ ಪ್ರಯಾಣವು ಅಲ್ಲಿಯ ಮಹಿಳೆಯರಿಗೆ ಮಾತ್ರ. ಉಚಿತವೆಂದು ರಾತ್ರಿಯಿಡೀ ಸೀಟಿನಲ್ಲಿ ಕೂತು ಹೋಗುವುದು ಹದಿಹರೆಯದವರಿಗೆ ಸರಿ. ಅರವತ್ತು ದಾಟಿದವರೂ ಆರು ತುಂಬಿದವರೂ ಜೊತೆಗಿದ್ದರೆ, ಹೋಗುವಾಗ ರೈಲಿನ ಬರ್ತು, ಬರುವಾಗ ಬೇಕಾದರೆ ವೇಗದೂತ ಎಂದು ಹಂಚಿಕೊಳ್ಳುವುದು ನಮ್ಮ ಮನೆಯ ಪದ್ಧತಿ.

ಹತ್ತು ಹನ್ನೊಂದು ಜನ ಸೇರಿದಾಗ ಎಲ್ಲರ ಬಾಯಲ್ಲೂ ಬರುವುದು ಟಿ.ಟಿ., ಅಂದರೆ ಟೆಂಪೊ ಟ್ರಾವೆಲರ್. ಇಲ್ಲಿ ನಾನು ಪೆಟ್ಟು ತಿಂದಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಷಡ್ಡಕರ ಸಂಸಾರವೂ ಸೇರಿ ಹನ್ನೊಂದು ಜನ ಒಂದು ಗಾಡಿ ಮಾತಾಡಿದೆವು. ಕಿಲೋಮೀಟರಿಗೆ ₹22, ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಎಂದರು. ಹೋಗಿ ಬಂದು, ಅಲ್ಲಿಯ ಓಡಾಟವೂ ಸೇರಿ 740 ಕಿಲೋಮೀಟರ್ ಆಗುತ್ತದೆ, ಎರಡು ದಿನಕ್ಕೆ 600 ದಾಟಿತಲ್ಲ, ಓಡಿದಷ್ಟಕ್ಕೇ ಕೊಡುವುದು ಎಂದು ನಾನು ₹16,280 ತೆಗೆದಿಟ್ಟೆ. ಶುಕ್ರವಾರ ರಾತ್ರಿ ಹತ್ತಕ್ಕೆ ಹೊರಟು ಭಾನುವಾರ ನಸುಕಿನ ಒಂದು ಗಂಟೆಗೆ ಮನೆ ಮುಟ್ಟಿದೆವು. ಮಾಲೀಕರು ಬರೆದುಕೊಟ್ಟ ಚೀಟಿಯಲ್ಲಿ ಮೂರು ದಿನ ಎಂದಿತ್ತು. ಅವರ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ! ಶುಕ್ರವಾರದ ಎರಡು ಗಂಟೆಯೂ ಒಂದು ದಿನ, ಭಾನುವಾರದ ಒಂದು ಗಂಟೆಯೂ ಒಂದು ದಿನ. ಮೂರು ದಿನಕ್ಕೆ ಕನಿಷ್ಠ 900 ಕಿಲೋಮೀಟರ್, ಓಡದ 160 ಕಿಲೋಮೀಟರಿಗೆ ₹3,520 ಹೆಚ್ಚು. ಅದರ ಮೇಲೆ ಚಾಲಕನ ಬತ್ತಾ ಮೂರು ದಿನದ್ದು, ಟೋಲು, ಪಾರ್ಕಿಂಗು. ರಾತ್ರಿ ಹನ್ನೆರಡೂವರೆಗೆ ಹೊರಟು ಮಾರನೆಯ ರಾತ್ರಿ ಹನ್ನೆರಡರೊಳಗೆ ವಾಪಸಾಗಿದ್ದರೆ ಒಂದೇ ದಿನದ ಲೆಕ್ಕ ಆಗುತ್ತಿತ್ತು. ಆದ್ದರಿಂದ ಗಾಡಿ ಮಾತಾಡುವಾಗ ದಿನ ಎಂದರೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು, ಕಿಲೋಮೀಟರ್ ನಮ್ಮ ಮನೆಯಿಂದಲೋ ಶೆಡ್ಡಿನಿಂದಲೋ, ಬತ್ತಾ ಒಳಗೋ ಹೊರಗೋ, ತೆಲಂಗಾಣಕ್ಕಾದರೆ ಪರ್ಮಿಟ್ಟಿನ ಹಣ ಯಾರದು ಎಂಬ ನಾಲ್ಕು ಮಾತನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಳ್ಳಿ.

ಬೆಂಗಳೂರಿನೊಳಗೆ ನೇರಳೆ ಮಾರ್ಗದ ಮೆಟ್ರೊ 2023ರ ಅಕ್ಟೋಬರಿನಿಂದ ಚಲ್ಲಘಟ್ಟದವರೆಗೆ ಓಡುತ್ತಿದೆ. ಮೆಜೆಸ್ಟಿಕ್‌ನಿಂದ ಅಲ್ಲಿಯವರೆಗೆ ಮೆಟ್ರೊ, ಉಳಿದದ್ದಕ್ಕೆ ಬಿಡದಿ ಕಡೆಯ ಬಸ್ಸೋ ಆಟೊವೋ ಹಿಡಿದರೆ ಟ್ಯಾಕ್ಸಿ ಖರ್ಚಿನ ಅರ್ಧಕ್ಕಿಂತ ಹೆಚ್ಚು ಉಳಿಯುತ್ತದೆ. ಬರುವಾಗ ಒದ್ದೆ ಬಟ್ಟೆಯ ಚೀಲ, ನಿದ್ದೆಗಣ್ಣಿನ ಮಗು ಇರುವುದರಿಂದ ಅದಕ್ಕೆ ಮಾತ್ರ ಟ್ಯಾಕ್ಸಿ ಇಟ್ಟುಕೊಳ್ಳಿ.

ರಾತ್ರಿ ರೈಲಿನಲ್ಲಿ ಬಂದು ರಾತ್ರಿ ರೈಲಿನಲ್ಲಿಯೇ ಮರಳುವವರಿಗೆ ಕೋಣೆ ಬೇಕಾಗುವುದು ಮುಖ ತೊಳೆಯಲು ಮಾತ್ರ. ರೈಲ್ವೆಯ ರಿಟೈರಿಂಗ್ ರೂಮನ್ನು ಪಿಎನ್‌ಆರ್ ಸಂಖ್ಯೆ ಕೊಟ್ಟು ಹನ್ನೆರಡು ಗಂಟೆಗಳ ಅವಧಿಗೆ ಪಡೆಯಬಹುದು. ಲಾಡ್ಜಿನಲ್ಲಿ ಉಳಿಯುವುದಾದರೆ, ದಿನಕ್ಕೆ ₹7,500ರವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇಕಡ 12ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಇನ್ನೂ 12 ಎಂದಿದ್ದರೆ ಕೇಳಿ ಸರಿಪಡಿಸಿಕೊಳ್ಳಬೇಕು.

ನಾಲ್ಕನೆಯದು: ಗೇಟಿನ ಒಳಗಿನ ಹಣ

ಬಜೆಟ್ ಸೋರುವುದು ಇಲ್ಲಿಯೇ. ನೀರಿನ ಆಟಗಳಿಗೆ ನೈಲಾನ್ ಅಥವಾ ಪಾಲಿಯೆಸ್ಟರ್ ಉಡುಪು ಕಡ್ಡಾಯ. ಸೀರೆ, ಚೂಡಿದಾರ, ಹತ್ತಿಯ ಬನಿಯನ್, ಜೀನ್ಸ್ ಯಾವುದೂ ನಡೆಯುವುದಿಲ್ಲ. ಜೀನ್ಸ್ ಹೊಲಿಯುವ ಊರಿನಿಂದ ಹೋದವರು ಜೀನ್ಸ್ ಹಾಕಿಕೊಂಡೇ ಕೊಳದ ದಡದಲ್ಲಿ ನಿಂತು, ಬಳಿಕ ಅಲ್ಲಿಯ ಅಂಗಡಿಯಲ್ಲಿ ಅವಸರವಾಗಿ ಉಡುಪು ಕೊಳ್ಳುವುದು ಪ್ರತಿ ಸಲದ ದೃಶ್ಯ. ಊರಲ್ಲಿಯೇ ಆಟದ ಸಾಮಾನಿನ ಅಂಗಡಿಯಲ್ಲಿ ಮೊಣಕಾಲವರೆಗಿನ ನೈಲಾನ್ ಚಡ್ಡಿ, ತುಂಬುತೋಳಿನ ಅಂಗಿ ಕೊಂಡರೆ ಹೆಣ್ಣುಮಕ್ಕಳಿಗೂ ಸಂಕೋಚವಿಲ್ಲ, ಎರಡು ಮೂರು ವರ್ಷ ಬಾಳಿಕೆಯೂ ಬರುತ್ತದೆ.

ಲಾಕರಿಗೆ ಬಾಡಿಗೆ ಒಂದು, ವಾಪಸು ಬರುವ ಠೇವಣಿ ಇನ್ನೊಂದು. ಬಾಡಿಗೆಯನ್ನು ಖರ್ಚಿನಲ್ಲಿ ಬರೆದು, ಠೇವಣಿಯನ್ನು ಬೇರೆ ಇಡಿ. ಸಂಜೆ ಪಾರ್ಕು ಮುಚ್ಚುವ ಹೊತ್ತಿಗೆ ಠೇವಣಿ ಪಡೆಯುವವರ ಸಾಲು ಆಟದ ಸಾಲಿಗಿಂತ ಉದ್ದವಿರುತ್ತದೆ, ಅರ್ಧ ಗಂಟೆ ಮೊದಲೇ ಹೋಗಿ.

ಹೊರಗಿನ ಊಟವನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ನಮ್ಮ ಬುತ್ತಿಯ ಜಾಗ ರೈಲು: ಕಟಕ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ, ಹೋಗುವ ರಾತ್ರಿಗೆ ಮೆತ್ತನೆಯ ಚಪಾತಿ, ಬರುವ ರಾತ್ರಿಗೆ ಕೆಡದ ಶೇಂಗಾ ಹೋಳಿಗೆ. ಕಟಕ ರೊಟ್ಟಿ ವಾರವಿಟ್ಟರೂ ಏನೂ ಆಗುವುದಿಲ್ಲ, ಮರಳುವ ರಾತ್ರಿಯ ಊಟದ ಖರ್ಚನ್ನು ಅದೊಂದೇ ಅರ್ಧಕ್ಕಿಳಿಸುತ್ತದೆ. ಬೆಳಿಗ್ಗೆ ಪಾರ್ಕಿಗೆ ಹೋಗುವ ಮುನ್ನ ಹೊರಗಿನ ದರ್ಶಿನಿಯಲ್ಲಿ ಎಲ್ಲರೂ ಹೊಟ್ಟೆ ತುಂಬ ಇಡ್ಲಿ, ಪೊಂಗಲ್ ತಿಂದರೆ ಒಳಗೆ ಒಂದು ಊಟ, ಸಂಜೆಗೆ ಒಂದು ತಿಂಡಿ ಸಾಕಾಗುತ್ತದೆ. ಕುಡಿಯುವ ನೀರಿನ ನಲ್ಲಿ ಎಲ್ಲಿದೆ ಎಂದು ಒಳಗೆ ಹೋದ ಕೂಡಲೇ ಕೇಳಿಕೊಳ್ಳಿ. ಅಂಗಡಿಯಲ್ಲಿ ಕೊಳ್ಳುವ ಬಾಟಲಿಗೆ ಮುದ್ರಿತ ಎಂಆರ್‌ಪಿಗಿಂತ ಹೆಚ್ಚು ಕೊಡಬೇಕಿಲ್ಲ; ಕೂತು ಉಣ್ಣುವ ಹೋಟೆಲಿನವರು ಮೇಜಿಗೆ ತಂದುಕೊಟ್ಟ ನೀರಿಗೆ ಹೆಚ್ಚು ಪಡೆಯಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದರಿಂದ ಅಲ್ಲಿ ವಾದ ಬೇಡ.

ಫೋಟೊ ವಿಷಯಕ್ಕೆ ಒಂದು ಮಿತಿ ಮೊದಲೇ ಹಾಕಿ. ಜಾರುಬಂಡೆಯಿಂದ ಇಳಿಯುವಾಗ ಎಲ್ಲರ ಬಾಯಿ ತೆರೆದಿರುವ ಚಿತ್ರವನ್ನು ತೆರೆಯ ಮೇಲೆ ತೋರಿಸಿದಾಗ ಬೇಡ ಎನ್ನುವುದು ಕಷ್ಟ. ಇಡೀ ದಿನಕ್ಕೆ ಒಂದೇ ಎಂದು ಮಕ್ಕಳಿಗೆ ರೈಲಿನಲ್ಲಿಯೇ ಹೇಳಿರಬೇಕು.

ಐದನೆಯದು: ಬಕ್ಷೀಸು

ಟಿಪ್ಸ್ ಎನ್ನಿ, ಬಕ್ಷೀಸು ಎನ್ನಿ, ಚಹಾಕ್ಕೆ ಕೊಡುವುದು ಎನ್ನಿ, ನಮ್ಮಲ್ಲಿ ಇದನ್ನು ಯಾರೂ ಬಜೆಟ್ಟಿನಲ್ಲಿ ಬರೆಯುವುದಿಲ್ಲ. ಹೀಗಾಗಿ ಒಂದು ಕಡೆ ಜಿಪುಣತನ, ಇನ್ನೊಂದು ಕಡೆ ಮುಲಾಜಿಗೆ ಬಿದ್ದು ನೂರರ ನೋಟು, ಎರಡೂ ಒಂದೇ ದಿನ ನಡೆಯುತ್ತವೆ. ಮೊದಲು ಬಕ್ಷೀಸು ಅಲ್ಲದ್ದನ್ನು ಬೇರೆ ಮಾಡೋಣ. ಚಾಲಕನ ಬತ್ತಾ ಬಾಡಿಗೆಯ ಭಾಗ, ಅವನ ಊಟ ವಸತಿಯ ಹಣ. ಅದನ್ನು ಕೊಟ್ಟು ಬಕ್ಷೀಸು ಕೊಟ್ಟೆನೆಂದು ಭಾವಿಸುವಂತಿಲ್ಲ. ರೈಲು ನಿಲ್ದಾಣದ ಕೂಲಿಯ ದರವನ್ನು ರೈಲ್ವೆಯೇ ನಿಗದಿ ಮಾಡಿರುತ್ತದೆ, ಅದು ಅವನ ಮಜೂರಿ. ಹೋಟೆಲ್ ಬಿಲ್ಲಿನಲ್ಲಿ ಬರುವ ಸರ್ವಿಸ್ ಚಾರ್ಜ್ ಎಂಬ ಸಾಲು ಮೂರನೆಯದು. ಅದನ್ನು ಗ್ರಾಹಕರು ಕೇಳದೆ ತಾನಾಗಿ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ, “ಇದನ್ನು ತೆಗೆದು ಬೇರೆ ಬಿಲ್ ಕೊಡಿ” ಎಂದು ಮೆತ್ತಗೆ ಹೇಳಿದರೆ ಸಾಮಾನ್ಯವಾಗಿ ತೆಗೆಯುತ್ತಾರೆ. ಒಪ್ಪದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಜಿಎಸ್‌ಟಿ ಮಾತ್ರ ಸರ್ಕಾರದ್ದು, ಅದನ್ನು ತೆಗೆಯೆಂದು ಕೇಳುವಂತಿಲ್ಲ.

ಉಳಿದದ್ದು ನಿಜವಾದ ಬಕ್ಷೀಸು. ಕೂತು ಉಣ್ಣುವ ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ ಶೇಕಡ ಐದರಿಂದ ಹತ್ತರೊಳಗೆ, ಕೌಂಟರಿನಲ್ಲಿ ಟೋಕನ್ ಕೊಟ್ಟು ನಾವೇ ತಟ್ಟೆ ಎತ್ತಿಕೊಳ್ಳುವ ಕಡೆ ಏನೂ ಬೇಕಿಲ್ಲ. ಲಾಡ್ಜಿನಲ್ಲಿ ಬಿಸಿನೀರು, ಹೆಚ್ಚುವರಿ ಹಾಸಿಗೆ ತಂದುಕೊಟ್ಟ ಹುಡುಗನಿಗೆ ಮೂವತ್ತು ಐವತ್ತು. ಟ್ಯಾಕ್ಸಿಯವರಿಗೆ ಮೀಟರಿನ ಹಣವನ್ನು ಮುಂದಿನ ಹತ್ತು ಇಪ್ಪತ್ತಕ್ಕೆ ಸರಿಮಾಡಿ ಕೊಟ್ಟರೆ ಸಾಕು, ಸಾಮಾನು ಇಳಿಸಲು ಕೈಹಾಕಿದರೆ ಇನ್ನಷ್ಟು. ಟಿ.ಟಿ. ಚಾಲಕ ರಾತ್ರಿಯಿಡೀ ನಿದ್ದೆಗೆಟ್ಟು ನಮ್ಮ ಮಕ್ಕಳನ್ನು ಸುರಕ್ಷಿತವಾಗಿ ತಂದಿರುತ್ತಾನೆ. ಬತ್ತಾ ಬಿಟ್ಟು ದಿನಕ್ಕೆ ಇನ್ನೂರರಂತೆ, ಪ್ರಯಾಣ ಮುಗಿದ ಮೇಲೆ, ಮಾಲೀಕನ ಎದುರಿಗಲ್ಲದೆ ಅವನ ಕೈಗೇ ಕೊಡಬೇಕು. ಆಟ ನಡೆಸುವ ಸಿಬ್ಬಂದಿಗೆ, ಕೊಳದ ಕಾವಲಿನವರಿಗೆ ಏನೂ ಕೊಡಬೇಡಿ. ಹತ್ತು ರೂಪಾಯಿ ಕೊಟ್ಟು ಇನ್ನೊಂದು ಸುತ್ತು ಗಿಟ್ಟಿಸಲು ನೋಡುವುದು ಊರ ಜಾತ್ರೆಯ ತೊಟ್ಟಿಲಿನಲ್ಲಿ ನಡೆಯಬಹುದು, ಸುರಕ್ಷತಾ ಪಟ್ಟಿ ಪರೀಕ್ಷಿಸುವವನ ಗಮನವನ್ನು ಇಲ್ಲಿ ಬೇರೆಡೆ ಸೆಳೆಯುವುದು ನಮಗೇ ಅಪಾಯ. ಬಟ್ಟೆ ಬದಲಿಸುವ ಕೋಣೆಗಳನ್ನು ಇಡೀ ದಿನ ಒರೆಸುವ ಹೆಂಗಸರಿಗೆ ಇಪ್ಪತ್ತು ಕೊಡುವವರು ವಿರಳ. ಕೊಡಬೇಕಾದವರಲ್ಲಿ ನನ್ನ ಪಟ್ಟಿಯಲ್ಲಿ ಅವರೇ ಮೊದಲು.

ಹೋದ ಸಲ ಬಿಡದಿಯ ಸಮೀಪದ ಒಂದು ಹೋಟೆಲಿನಲ್ಲಿ ಮಗಳು ಚಟ್ನಿಪುಡಿಗೆ ಹಟ ಹಿಡಿದಾಗ ಅವಳ ತಾಯಿ ನಮ್ಮ ಕಡೆಯ ಮಾತಿನಲ್ಲಿ ಗದರಿದಳು. ಬಡಿಸುತ್ತಿದ್ದ ಹುಡುಗ ನೀರಿನ ಜಗ್ಗು ಹಿಡಿದೇ ನಿಂತು, “ಬಳ್ಳಾರಿ ಕಡೆಯೋರೇನ್ರೀ ಅಕ್ಕಾರ?” ಎಂದ. ಅವನ ಊರು ಲಿಂಗಸುಗೂರಿನ ಹತ್ತಿರ, ಅಪ್ಪ ಅವ್ವ ಇಬ್ಬರೂ ಬೆಂಗಳೂರಿನಲ್ಲಿಯೇ ಕಟ್ಟಡ ಕೆಲಸಕ್ಕೆ ಗುಳೆ ಬಂದವರು. ಒಳಗೆ ಹೋಗಿ ತನ್ನ ಡಬ್ಬಿಯಿಂದ ಶೇಂಗಾ ಪುಡಿ ತಂದು ಮಗಳ ತಟ್ಟೆಯ ಅಂಚಿಗೆ ಹಾಕಿದ. ಬಿಲ್ಲು ₹860 ಆಗಿತ್ತು. ನನ್ನ ಜೇಬಿನಲ್ಲಿ ಇದ್ದದ್ದು ಐನೂರರ ನೋಟುಗಳು ಮಾತ್ರ, ಬಿಲ್ಲನ್ನು ಫೋನಿನಲ್ಲಿ ಕಟ್ಟಿಯಾಗಿತ್ತು, ಗಲ್ಲಾದಲ್ಲಿ ಚಿಲ್ಲರೆ ಇಲ್ಲವೆಂದರು. ಅತ್ತೆಯವರು ಸೆರಗಿನ ಗಂಟು ಬಿಚ್ಚಿ ನೂರು ರೂಪಾಯಿ ಕೊಟ್ಟು ನನ್ನ ಮಾನ ಉಳಿಸಿದರು.

ಆಮೇಲಿಂದ ಹೊರಡುವ ಹಿಂದಿನ ದಿನ ಬ್ಯಾಂಕಿಗೆ ಹೋಗಿ ಐನೂರು ರೂಪಾಯಿಗೆ ಇಪ್ಪತ್ತರ ಹದಿನೈದು, ಐವತ್ತರ ನಾಲ್ಕು ನೋಟು ತಂದು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಬಕ್ಷೀಸು ಎಂದು ಬರೆದು ಹೆಂಡತಿಯ ಕೈಚೀಲದಲ್ಲಿ ಇಡುತ್ತೇನೆ. ಬ್ಯಾಂಕಿನಲ್ಲಿ ಸಿಗದಿದ್ದರೆ ಕಿರಾಣಿ ಅಂಗಡಿಯವರು ಖುಷಿಯಿಂದ ಕೊಡುತ್ತಾರೆ. ಲಕೋಟೆ ಖಾಲಿಯಾದರೆ ಬಕ್ಷೀಸು ಮುಗಿಯಿತು, ಉಳಿದರೆ ಮಕ್ಕಳ ಐಸ್‌ಕ್ರೀಮಿಗೆ ಬಳಸುವಂತಿಲ್ಲ ಎಂಬುದು ನಿಯಮ. ಫೋನಿನಿಂದಲೇ ಕೊಡುವುದಾದರೆ ಬಡಿಸಿದವರ ಸ್ವಂತ ಕ್ಯೂಆರ್ ಕೇಳಿ, ಹೋಟೆಲಿನ ಖಾತೆಗೆ ಹೋದ ಹಣ ಅವರ ಕೈಗೆ ಮುಟ್ಟುವುದೋ ಇಲ್ಲವೋ ಯಾರು ಬಲ್ಲರು.

ಅಮೆರಿಕದಲ್ಲಿರುವ ಮಕ್ಕಳ ಬಳಿಗೆ ಹೋಗಿ ಫ್ಲಾರಿಡಾದ ಡಿಸ್ನಿ ವರ್ಲ್ಡ್ ನೋಡಿಬರುವ ಹಿರಿಯರು ಈಗ ನಮ್ಮ ಜಿಲ್ಲೆಗಳಲ್ಲೂ ಇದ್ದಾರೆ. ಅಲ್ಲಿ ಟಿಕೆಟ್ ನಿರ್ಧಾರವಾಗುವುದು ವಯಸ್ಸಿನಿಂದ: ಮೂರರೊಳಗೆ ಉಚಿತ, ಹತ್ತಕ್ಕೆ ದೊಡ್ಡವರ ಸಾಲು. ಕೂತು ಉಣ್ಣುವ ಹೋಟೆಲಿನಲ್ಲಿ ಶೇಕಡ 18ರಿಂದ 20ರಷ್ಟು ಕೊಡುವುದು ಅಲ್ಲಿ ಕಡ್ಡಾಯದಷ್ಟೇ ಗಟ್ಟಿಯಾದ ರೂಢಿ, ಡಿಸ್ನಿಯಲ್ಲಿ ಆರು ಜನ ಅಥವಾ ಹೆಚ್ಚು ಇದ್ದರೆ ಶೇಕಡ 18ನ್ನು ಬಿಲ್ಲಿಗೇ ಸೇರಿಸುತ್ತಾರೆ. ನೋಡದೆ ಮತ್ತೊಮ್ಮೆ ಕೊಟ್ಟುಬಿಡಬಾರದು. ಜಪಾನಿನಲ್ಲಿ ಬಕ್ಷೀಸಿನ ವಾಡಿಕೆಯೇ ಇಲ್ಲ, ಮೇಜಿನ ಮೇಲೆ ಬಿಟ್ಟ ಹಣವನ್ನು ಮರೆತು ಹೋದಿರೆಂದು ಹಿಂದಿನಿಂದ ಓಡಿ ಬಂದು ಕೊಟ್ಟಾರು.

ಆರನೆಯದು: ಒಂದು ಹಾಳೆಯ ಲೆಕ್ಕ, ಎಂಟು ತಿಂಗಳ ಪಿಗ್ಮಿ

ಬಳ್ಳಾರಿಯಿಂದ ಐದು ಜನ, ಅಂದರೆ ಗಂಡ, ಹೆಂಡತಿ, ಅತ್ತೆ, 142 ಸೆಂ.ಮೀ. ಮಗ, 118 ಸೆಂ.ಮೀ. ಮಗಳು, ವಾರದ ದಿನ ಹೋಗುವ ಲೆಕ್ಕವನ್ನು ಹೀಗಿಡಬಹುದು. ದರಗಳು ನನ್ನ ಅಂದಾಜು, ನೀವು ನಿಮ್ಮ ದಿನದ ದರ ಹಾಕಿಕೊಳ್ಳಿ. ದೊಡ್ಡವರ ಟಿಕೆಟ್ ₹1,500ರಂತೆ ನಾಲ್ಕು, ಮಕ್ಕಳದು ₹1,200ರ ಒಂದು, ಒಟ್ಟು ₹7,200. ಊರಲ್ಲಿ ಕೊಂಡ ಉಡುಪು ₹1,500, ಲಾಕರ್ ಬಾಡಿಗೆ ₹300. ಒಳಗಿನ ಊಟ ₹1,500, ಸಂಜೆಯ ತಿಂಡಿ, ಐಸ್‌ಕ್ರೀಮು ₹700, ಫೋಟೊ ₹500. ರೈಲಿನ ಸ್ಲೀಪರ್ ಹೋಗಿ ಬರಲು ಹತ್ತು ಬರ್ತಿಗೆ ₹3,000, ಎರಡೂ ಕಡೆ ಟ್ಯಾಕ್ಸಿ ಎಂದರೆ ₹2,200. ಒಂದು ಕೋಣೆ, ಹೆಚ್ಚುವರಿ ಹಾಸಿಗೆ ಸೇರಿ ₹2,500. ಹೊರಗಿನ ತಿಂಡಿ, ಊಟ ₹1,300. ಬಕ್ಷೀಸಿನ ಲಕೋಟೆ ₹500. ಇಲ್ಲಿಗೆ ₹21,200. ಕಾಲು ಉಳುಕಿದರೆ, ಕನ್ನಡಕ ಕೊಳದಲ್ಲಿ ಹೋದರೆ, ರೈಲು ತಪ್ಪಿದರೆ ಎಂದು ₹2,000 ಸೇರಿಸಿ ₹23,200. ಟಿಕೆಟ್ಟಿನ ₹7,200ನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿ.

ಈ ಹಣವನ್ನು ಒಮ್ಮೆಲೇ ಸಂಬಳದಿಂದ ಕೀಳಲು ಹೋದರೆ ಜೂನ್ ತಿಂಗಳ ಶಾಲಾ ಶುಲ್ಕಕ್ಕೆ ಕೈಗಡ ಮಾಡಬೇಕಾಗುತ್ತದೆ. ನಮ್ಮ ನಾಡಿಗೆ ಪಿಗ್ಮಿ, ಅಂದರೆ ದಿನವೂ ಇಷ್ಟಿಷ್ಟು ಕಟ್ಟುವ ಉಳಿತಾಯ, ಹೊಸದಲ್ಲ, 1928ರಲ್ಲಿ ಕರಾವಳಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರು ಮಾಡಿದ ಪದ್ಧತಿ ಇವತ್ತಿಗೂ ಅಂಗಡಿ ಸಾಲುಗಳಲ್ಲಿ ಸಂಜೆ ಸಂಜೆ ನಡೆದು ಬರುತ್ತದೆ. ಆಗಸ್ಟ್ ಒಂದರಿಂದ ಮಾರ್ಚ್ ಕೊನೆಯವರೆಗೆ 243 ದಿನ, ದಿನಕ್ಕೆ ನೂರು ರೂಪಾಯಿಯಂತೆ ₹24,300. ಅವಧಿಗೆ ಮುನ್ನ ಮುರಿದರೆ ಕಮಿಷನ್ ಕಡಿತ ಎಷ್ಟೆಂದು ಖಾತೆ ತೆರೆಯುವಾಗಲೇ ಕೇಳಿ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ರೈತರಿಗೆ ದಿನದ ನೂರು ಕಷ್ಟ, ಮಾಲು ಮಾರಿದ ವಾರದಲ್ಲಿಯೇ ಪ್ರವಾಸದ ಹಣವನ್ನು ಬೇರೆ ಖಾತೆಗೆ ಹಾಕಿ ಎಟಿಎಂ ಕಾರ್ಡನ್ನು ಮನೆಯವರ ಕೈಗೆ ಕೊಟ್ಟುಬಿಡುವುದು ಅವರಿಗೆ ಹೊಂದುತ್ತದೆ.

ಮರಳಿ ಬಂದ ವಾರದೊಳಗೆ, ಬಿಲ್ಲುಗಳು ಒದ್ದೆ ಚೀಲದಲ್ಲಿ ಅಳಿಸಿಹೋಗುವ ಮುನ್ನ, ಅಂದಾಜಿನ ಪಕ್ಕದಲ್ಲಿ ನಿಜವಾದ ಖರ್ಚನ್ನು ಬರೆದಿಡಿ. ನನ್ನ ಪುಸ್ತಕದಲ್ಲಿ ಹೋದ ವರ್ಷ ತಿಂಡಿಯ ಸಾಲು ₹340 ಮೀರಿದೆ, ಟ್ಯಾಕ್ಸಿಯ ಸಾಲು ಮೆಟ್ರೊದಿಂದಾಗಿ ₹800 ಉಳಿಸಿದೆ. ಅದೇ ಪುಟದ ಕೆಳಗೆ ಚೌಕಟ್ಟಿನ ಗೆರೆಗಳ ಲೆಕ್ಕವೂ ಇದೆ. ಆಗ 118 ಇದ್ದ ಮಗಳು ಈ ಯುಗಾದಿಗೆ 124 ಆಗಿದ್ದಾಳೆ. ಇನ್ನೆರಡು ವರ್ಷ ಅವಳಿಗೆ ಮಕ್ಕಳ ಟಿಕೆಟ್ಟೇ ಸಾಕು.